ಎರಡು ಬಾಗಿಲುಗಳ ಡೇರೆ

ಮನುಷ್ಯನ ಮನಸ್ಸಿನ ಮೇಲೆ ಮತ್ತೊಬ್ಬನಿಗೆ ಎಷ್ಟು ಅಧಿಕಾರವುಂಟೆಂಬ ಪ್ರಶ್ನೆಯು ಬಹಳ ಹಳೆಯದು. ಪಂಡಿತರು ಅದನ್ನು ಗ್ರಂಥಗಳಲ್ಲಿ ಚರ್ಚಿಸುತ್ತಾರೆ. ಹಳ್ಳಿಯವರಾದ ನಾವು ಅದನ್ನು ಚಾವಡಿಯಲ್ಲಿಯೂ ಅಡಿಗೆಮನೆಯಲ್ಲಿಯೂ ಮದುವೆಯ ಹಂದರದಲ್ಲಿಯೂ ಎದುರಿಸುತ್ತೇವೆ. ಹುಡುಗಿಯನ್ನು ಕರೆದು, ಮಗಳೇ, ನಿನಗೆ ಒಪ್ಪಿಗೆಯುಂಟೋ ಎಂದು ಕೇಳುತ್ತೇವೆ. ಆಕೆಯ ಬೆನ್ನ ಹಿಂದೆ ತಂದೆಯೂ ಸೋದರಮಾವನೂ ನಿಂತಿರುತ್ತಾರೆ. ಆಕೆ ತಲೆಯನ್ನು ತುಸು ಬಾಗಿಸುತ್ತಾಳೆ; ನಾವು ಒಪ್ಪಿದಳೆಂದು ಬರೆದುಕೊಳ್ಳುತ್ತೇವೆ. ಕೇಳಿದವನ ಕೈಯಲ್ಲಿ ಕೋಲಿರಲಿಲ್ಲವೆಂಬುದು ನಿಜವೇ. ಆದರೆ ಆ ಉತ್ತರವು ಆಕೆಯದೇ ಎಂದು ನಮಗೆ ತಿಳಿದದ್ದು ಹೇಗೆ?

ಇದೇ ಪ್ರಶ್ನೆಯನ್ನು ೧೯೫೩ನೆಯ ಇಸವಿಯಲ್ಲಿ ಕೊಡಗಿನ ಒಬ್ಬ ಸೇನಾಪತಿಯು ೨೨,೦೦೦ಕ್ಕಿಂತ ಹೆಚ್ಚು ಮಂದಿಯ ವಿಷಯದಲ್ಲಿ ಒಮ್ಮೆಗೇ ಎದುರಿಸಬೇಕಾಯಿತು. ಅವರ ಹೆಸರು ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಕೃಷ್ಣೆಯ ದಂಡೆಯ ಮೇಲಿರುವ ಜುಗೂಳದವರಿಗೆ ಕೊಡಗು ದೂರದ ಸೀಮೆಯಾಗಿದೆ. ಆದರೂ ನಮ್ಮ ಭಾಗದ ಹುಡುಗರು ಬೆಳಗಾವಿಯಲ್ಲಿರುವ ಮರಾಠಾ ಪಲ್ಟಣದ ಕೇಂದ್ರಕ್ಕೆ ಭರ್ತಿಯಾಗಲು ಹೋಗುತ್ತಿರುವದರಿಂದ, ಸಿಪಾಯಿಯ ಕೆಲಸವೆಂದರೆ ಬಂದೂಕನ್ನು ಹಾರಿಸುವದೊಂದೇ ಎಂದು ತಿಳಿದಿರುವ ತಾಯಿತಂದೆಗಳು ಈ ಸಂಗತಿಯನ್ನು ಕೇಳುವದು ಒಳ್ಳೆಯದೆಂದು ನಮಗೆ ತೋರಿತು.

ತಿಮ್ಮಯ್ಯನವರು ೧೯೦೬ನೆಯ ಇಸವಿಯ ಮಾರ್ಚ್ ತಿಂಗಳ ಕೊನೆಯಲ್ಲಿ ಮಡಿಕೇರಿಯಲ್ಲಿ ಹುಟ್ಟಿದರು. ಕುನ್ನೂರಿನಲ್ಲಿಯೂ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿಯೂ ಓದಿ, ಡೆಹರಾಡೂನಿನ ಸೈನಿಕ ವಿದ್ಯಾಲಯಕ್ಕೆ ಸೇರಿ, ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟಿಗೆ ಹೋಗಿ, ೧೯೨೬ರಲ್ಲಿ ಸೈನ್ಯಾಧಿಕಾರಿಯಾದರು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಅರಾಕಾನ್ ತೀರದಲ್ಲಿ ಅವರ ದಳವು ಕಾದಾಡಿತು. ಯುದ್ಧರಂಗದಲ್ಲಿ ಒಂದು ಬ್ರಿಗೇಡನ್ನು ನಡೆಸಿದ ಮೊದಲನೆಯ ಭಾರತೀಯರು ಅವರೇ. ೧೯೪೮ರ ನವೆಂಬರದಲ್ಲಿ ಕಾಶ್ಮೀರದ ಜೋಜಿಲಾ ಕಣಿವೆಗೆ, ಹನ್ನೊಂದು ಸಾವಿರ ಅಡಿಗಳಿಗಿಂತ ಎತ್ತರಕ್ಕೆ, ಹಿಮದಲ್ಲಿ ಟ್ಯಾಂಕುಗಳನ್ನು ಏರಿಸಿ ಲಡಾಖಿನ ದಾರಿಯನ್ನು ತೆರೆಸಿದವರೂ ಅವರೇ. ಇವುಗಳನ್ನು ಶಾಲೆಯ ಪುಸ್ತಕಗಳು ಹೇಳುತ್ತವೆ. ನಾವು ಇಲ್ಲಿ ನಿಲ್ಲುವದಿಲ್ಲ.

ಆದರೆ ಒಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ತಿಮ್ಮಯ್ಯನವರು ಬ್ರಿಟಿಷ್ ಅರಸನ ಸೈನ್ಯದಲ್ಲಿ ಜಪಾನೀಯರ ವಿರುದ್ಧ ಯುದ್ಧ ಮಾಡುತ್ತಿದ್ದ ಅದೇ ಕಾಲದಲ್ಲಿ, ಅವರ ಅಣ್ಣನಾದ ಪೊನ್ನಪ್ಪನವರು ಸುಭಾಷಚಂದ್ರ ಬೋಸರ ಆಜಾದ್ ಹಿಂದ್ ಸೇನೆಗೆ ಸೇರಿದ್ದರು. ಆ ಸೇನೆಯಲ್ಲಿ ಬಹು ಮಂದಿ ಸಿಂಗಪುರದಲ್ಲಿ ಸೆರೆಸಿಕ್ಕ ಭಾರತೀಯ ಸಿಪಾಯಿಗಳೇ ಇದ್ದರು. ದೇಶಪ್ರೇಮದಿಂದ ಸೇರಿದವರಿದ್ದರು, ಹಸಿವೆಯಿಂದಲೂ ಜಪಾನೀಯರ ಭಯದಿಂದಲೂ ಸೇರಿದವರಿದ್ದರು, ಜೊತೆಯವರು ಸೇರಿದರೆಂದು ಸೇರಿದವರೂ ಇದ್ದರು. ಸೆರೆಯಾಳಾದವನು ಒಡೆಯನನ್ನು ಬದಲಾಯಿಸಿದರೆ ಅವನನ್ನು ದ್ರೋಹಿ ಎನ್ನಬೇಕೋ ಧೀರನೆನ್ನಬೇಕೋ ಎಂಬ ಪ್ರಶ್ನೆಯು ಈ ಮನುಷ್ಯನಿಗೆ ಪುಸ್ತಕದಿಂದ ಬಂದದ್ದಲ್ಲ. ಅದು ಒಂದೇ ಮನೆಯ ಒಲೆಯ ಮುಂದೆ ಕೂತು ಉಂಡ ಅಣ್ಣತಮ್ಮಂದಿರ ಪ್ರಶ್ನೆಯಾಗಿತ್ತು.

ಇನ್ನು ಕೊರಿಯದ ಸಂಗತಿ. ೧೯೫೦ನೆಯ ಇಸವಿಯ ಜೂನ್ ೨೫ರಂದು ಆ ದೇಶದ ಉತ್ತರಭಾಗದ ಸೈನ್ಯವು ದಕ್ಷಿಣಭಾಗದ ಮೇಲೆ ಬಿದ್ದಿತು. ಅಮೇರಿಕದವರ ಮುಂದಾಳುತನದಲ್ಲಿ ಸಂಯುಕ್ತ ರಾಷ್ಟ್ರಗಳ ಸೈನ್ಯವು ದಕ್ಷಿಣದ ಪಕ್ಷ ವಹಿಸಿತು. ಚೀನಾದೇಶವು ಉತ್ತರದ ಪಕ್ಷಕ್ಕೆ ಬಂದಿತು. ಮರುವರುಷವೇ ಸಂಧಾನದ ಮಾತು ಆರಂಭವಾಯಿತು. ಗಡಿಯ ಗೆರೆಯ ವಿಷಯದಲ್ಲಿ ಹೇಗೋ ಒಪ್ಪಂದವಾಯಿತು. ಸೆರೆಯಾಳುಗಳ ವಿಷಯದಲ್ಲಿ ಆಗಲಿಲ್ಲ. ಯುದ್ಧ ಮುಗಿದೊಡನೆ ಸೆರೆಯಾಳುಗಳನ್ನು ತಡಮಾಡದೆ ಅವರವರ ದೇಶಕ್ಕೆ ಕಳುಹಿಸಬೇಕೆಂದು ೧೯೪೯ರ ಜಿನೀವಾ ಒಡಂಬಡಿಕೆಯು ಹೇಳುತ್ತದೆ. ಊರಿಗೆ ಹೋಗಲು ಯಾವ ಸೆರೆಯಾಳು ಒಲ್ಲೆನೆಂದಾನು ಎಂದು ಅದನ್ನು ಬರೆದವರು ನೆನಸಿದಂತೆ ತೋರುತ್ತದೆ. ಆದರೆ ಸಾವಿರಾರು ಚೀನೀಯರೂ ಉತ್ತರ ಕೊರಿಯದವರೂ ನಾವು ಹಿಂದಿರುಗುವದಿಲ್ಲವೆಂದರು. ಮಹಾಯುದ್ಧದ ಕೊನೆಯಲ್ಲಿ, ೧೯೪೫ರಲ್ಲಿ, ಅನೇಕ ರಷ್ಯನ್ನರನ್ನು ಅವರ ಮನಸ್ಸಿಗೆ ವಿರೋಧವಾಗಿ ರಷ್ಯಾಕ್ಕೆ ಒಪ್ಪಿಸಿದಾಗ ಕೆಲವರು ದಾರಿಯಲ್ಲಿಯೇ ಪ್ರಾಣ ಕಳಕೊಂಡಿದ್ದರು. ಅಂಥ ಕೆಲಸವನ್ನು ಮತ್ತೆ ಮಾಡಲಾರೆವೆಂದು ಅಮೇರಿಕದವರು ಹಟ ಹಿಡಿದರು. ಈ ಒಂದೇ ವಿಷಯಕ್ಕಾಗಿ ಒಂದು ವರುಷಕ್ಕಿಂತಲೂ ಹೆಚ್ಚು ಕಾಲ ಯುದ್ಧವು ನಡೆಯುತ್ತಲೇ ಇತ್ತು. ಬೇಲಿಯೊಳಗಿನವನು ತನ್ನ ಇಷ್ಟವನ್ನು ಹೇಳುವಂತಾಗಬೇಕೆಂದು ಬೇಲಿಯ ಹೊರಗೆ ಎಷ್ಟೋ ಸಿಪಾಯಿಗಳು ಸತ್ತರು. ಅವರ ಇಷ್ಟವನ್ನು ಯಾರೂ ಕೇಳಿರಲಿಲ್ಲ. ಇದು ನ್ಯಾಯವೋ ಎಂದು ವಾಚಕರು ಕೇಳಿದರೆ, ಹೌದೆಂದಾಗಲಿ ಅಲ್ಲವೆಂದಾಗಲಿ ಸಲೀಸಾಗಿ ಹೇಳಲು ನಮಗೆ ಬಾಯಿ ಬರುವದಿಲ್ಲ.

ಬೇಲಿಯೊಳಗಿನ ಸ್ಥಿತಿಯಾದರೂ ಹೇಗಿತ್ತು? ಕೋಜೆ ಎಂಬ ದ್ವೀಪದಲ್ಲಿ ಅಮೇರಿಕದವರು ಸೆರೆಯಾಳುಗಳ ದೊಡ್ಡ ಪಾಳೆಯವನ್ನು ಇಟ್ಟಿದ್ದರು. ಮುಳ್ಳುತಂತಿಯ ಒಳಗೆ ಅಧಿಕಾರವೆಲ್ಲ ಸೆರೆಯಾಳುಗಳ ಮುಖಂಡರದೇ. ಕೆಲವು ಆವರಣಗಳಲ್ಲಿ ಕಮ್ಯುನಿಸ್ಟರ ಆಳಿಕೆ, ಕೆಲವುಗಳಲ್ಲಿ ಅವರ ವೈರಿಗಳ ಆಳಿಕೆ. ರಾತ್ರಿಯಲ್ಲಿ ಅವರವರ ನ್ಯಾಯಸಭೆಗಳು ಕೂಡುತ್ತಿದ್ದವು. ಬೆಳಗಾದಾಗ ಹೆಣ ಸಿಕ್ಕುತ್ತಿತ್ತು. ೧೯೫೨ರ ಮೇ ೭ರಂದು ಪಾಳೆಯದ ಮುಖ್ಯಸ್ಥರಾದ ಜನರಲ್ ಡಾಡ್ ಎಂಬ ಅಮೇರಿಕದ ಸೇನಾನಿಯು ಒಂದು ಆವರಣದ ಬಾಗಿಲಲ್ಲಿ ನಿಂತು ಮಾತಾಡುತ್ತಿರಲು ಸೆರೆಯಾಳುಗಳು ಅವರನ್ನೇ ಒಳಗೆ ಎಳಕೊಂಡು ಹೋದರು. ಅವರನ್ನು ಬಿಡಿಸುವದಕ್ಕಾಗಿ ಜನರಲ್ ಕೋಲ್ಸನ್ನರು ಸೆರೆಯಾಳುಗಳ ಬೇಡಿಕೆಗೆ ಉತ್ತರವಾಗಿ ಒಂದು ಪತ್ರಕ್ಕೆ ಸಹಿ ಮಾಡಿದರು. ಇಬ್ಬರನ್ನೂ ಸರಕಾರದವರು ಕರ್ನಲ್ ಪದವಿಗೆ ಇಳಿಸಿದರು. ಆಮೇಲೆ ಜನರಲ್ ಬೋಟ್ನರ್ ಎಂಬವರು ಬಂದು, ಜೂನ್ ತಿಂಗಳಲ್ಲಿ ಟ್ಯಾಂಕುಗಳನ್ನೂ ಸಿಪಾಯಿಗಳನ್ನೂ ನುಗ್ಗಿಸಿ, ಆ ಆವರಣವನ್ನು ಒಡೆದು, ಸೆರೆಯಾಳುಗಳನ್ನು ಚಿಕ್ಕ ಚಿಕ್ಕ ಗುಂಪುಗಳಾಗಿ ಬೇರೆ ಮಾಡಿದರು. ೩೦ಕ್ಕಿಂತ ಹೆಚ್ಚು ಸೆರೆಯಾಳುಗಳು ಅಂದು ಸತ್ತರು. ಒಬ್ಬ ಸೇನಾನಿಯು ಮೃದುವಾಗಿ ಮಾನ ಕಳಕೊಂಡನು. ಮತ್ತೊಬ್ಬನು ಕಠಿಣನಾಗಿ ಕಾರ್ಯವನ್ನು ಸಾಧಿಸಿದನು, ಆದರೆ ಹೆಣಗಳು ಬಿದ್ದವು. ತಿಮ್ಮಯ್ಯನವರ ಕಣ್ಣ ಮುಂದೆ ಈ ಎರಡು ಉದಾಹರಣೆಗಳೂ ಇದ್ದವು.

೧೯೫೩ರ ಜುಲೈ ೨೭ರಂದು ಕದನವಿರಾಮವಾಯಿತು. ಹಿಂದಿರುಗಲು ಒಲ್ಲದವರನ್ನು ಐದು ತಟಸ್ಥ ದೇಶಗಳ ಆಯೋಗಕ್ಕೆ ಒಪ್ಪಿಸಬೇಕೆಂದೂ, ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯ ಇವುಗಳ ಸಂಗಡ ಭಾರತವು ಅದರ ಅಧ್ಯಕ್ಷಸ್ಥಾನದಲ್ಲಿರಬೇಕೆಂದೂ ನಿರ್ಣಯವಾಯಿತು. ತಿಮ್ಮಯ್ಯನವರು ಅಧ್ಯಕ್ಷರಾದರು. ಸೆರೆಯಾಳುಗಳನ್ನು ಕಾಯುವ ಐದಾರು ಸಾವಿರ ಭಾರತೀಯ ಸಿಪಾಯಿಗಳ ನಾಯಕತ್ವವು ಎಸ್. ಪಿ. ಪಿ. ಥೋರಾತರಿಗೆ ಬಂದಿತು. ಇವರು ನಮ್ಮ ಹೊಳೆಯಾಚೆಯ ಕೊಲ್ಲಾಪುರ ಸೀಮೆಯ ವಡಗಾವದವರು. ಬರ್ಮಾದಲ್ಲಿ ತಿಮ್ಮಯ್ಯನವರ ದಳದ ಪಕ್ಕದಲ್ಲಿಯೇ ತಮ್ಮ ದಳವನ್ನು ನಡೆಸಿದ್ದವರು. ದಕ್ಷಿಣ ಕೊರಿಯದ ಸರಕಾರವು ಭಾರತೀಯರು ತನ್ನ ನೆಲವನ್ನು ತುಳಿಯಕೂಡದೆಂದದ್ದರಿಂದ ನಮ್ಮ ಸಿಪಾಯಿಗಳನ್ನು ಹೆಲಿಕಾಪ್ಟರುಗಳಲ್ಲಿ ಹೊತ್ತು ನಡುವಿನ ಬಯಲಿಗೆ ಇಳಿಸಬೇಕಾಯಿತು. ಕರೆದವರಿಗೂ ಬೇಡವಾದ ಅತಿಥಿಗಳೆಂಬಂತೆ ಅವರ ಕೆಲಸವು ಆರಂಭವಾಯಿತು.

ಅವರ ವಶಕ್ಕೆ ಬಂದವರು ಒಂದು ಪಕ್ಷದಿಂದ ೨೨,೬೦೪ ಮಂದಿ, ಇನ್ನೊಂದು ಪಕ್ಷದಿಂದ ೩೫೯ ಮಂದಿ. ಈ ಎರಡನೆಯ ಗುಂಪಿನಲ್ಲಿ ೨೩ ಅಮೇರಿಕನ್ನರೂ ಒಬ್ಬ ಇಂಗ್ಲಿಷನೂ ಇದ್ದರು. ನಿಯಮವೇನಂದರೆ, ೯೦ ದಿನಗಳೊಳಗೆ ಪ್ರತಿಯೊಬ್ಬ ಸೆರೆಯಾಳಿಗೂ ಅವನ ದೇಶದ ಪ್ರತಿನಿಧಿಯು ಬಂದು, ನೀನು ಮರಳಿ ಬರಬಹುದು, ಹೆದರಬೇಡ, ಎಂದು ತಿಳಿಯಹೇಳಬೇಕು; ಬಲಾತ್ಕಾರವನ್ನಾಗಲಿ ಬೆದರಿಕೆಯನ್ನಾಗಲಿ ಯಾರೂ ಮಾಡಕೂಡದು. ಇದಕ್ಕಾಗಿ ಡೇರೆಗಳನ್ನು ಹಾಕಿದರು. ಒಂದೊಂದು ಡೇರೆಗೂ ಹೊರಬೀಳುವ ಬಾಗಿಲುಗಳು ಎರಡು. ಐದು ದೇಶಗಳವರು ಕೂತು ನೋಡುತ್ತಿರಲು, ಸೆರೆಯಾಳು ಎಲ್ಲವನ್ನೂ ಕೇಳಿ, ಒಂದು ಬಾಗಿಲಿಂದ ಹೊರಟರೆ ಊರಿಗೆ. ಇನ್ನೊಂದರಿಂದ ಹೊರಟರೆ ತಿರಿಗಿ ಬೇಲಿಯೊಳಕ್ಕೆ. ಮನುಷ್ಯನ ಸ್ವಾತಂತ್ರ್ಯವನ್ನು ಇದಕ್ಕಿಂತ ಸ್ಪಷ್ಟವಾಗಿ ಬಟ್ಟೆಯಿಂದಲೂ ಗೂಟಗಳಿಂದಲೂ ಕಟ್ಟಿ ತೋರಿಸಲು ಸಾಧ್ಯವೋ?

ಆದರೆ ಡೇರೆಗೆ ಬಂದವನು ಒಬ್ಬನೇ ಬಂದಿರಲಿಲ್ಲ. ಅವನ ಹಿಂದೆ ಅವನ ಆವರಣದ ಮುಖಂಡನು ಕಾಣದಂತೆ ನಿಂತಿದ್ದನು. ಊರಿಗೆ ಹೋಗುವೆನೆಂದು ಬಾಯಿಬಿಟ್ಟವನನ್ನು ಜೊತೆಯವರೇ ಹೊಡೆದು ಕೊಂದದ್ದು ಭಾರತೀಯರ ಕಾವಲಿನಲ್ಲಿಯೂ ನಡೆಯಿತು. ಕೊಂದವರ ವಿಚಾರಣೆಯನ್ನು ಆರಂಭಿಸಿದರೆ ಅದನ್ನು ಕೊನೆಮುಟ್ಟಿಸಲು ಆಗಲಿಲ್ಲ. ಅನೇಕರು ಡೇರೆಯಲ್ಲಿ ಕಿವಿ ಮುಚ್ಚಿಕೊಂಡು ಕೂಗಿದರು, ಹಾಡಿದರು, ತಿಳಿಯಹೇಳಲು ಬಂದವನ ಮೇಲೆ ಉಗುಳಿದರು. ಕೆಲವು ಆವರಣಗಳವರು ಡೇರೆಗೆ ಬರಲೇ ಒಲ್ಲೆವೆಂದರು. ಆ ಕಡೆ ತಿಳಿಯಹೇಳುವವರೂ ಕಡಿಮೆಯವರಲ್ಲ. ಒಬ್ಬೊಬ್ಬನನ್ನು ಗಂಟೆಗಟ್ಟಲೆ ಕೂಡಿಸಿಕೊಂಡು ಪೀಡಿಸತೊಡಗಿದರು. ಹೀಗೆ ೯೦ ದಿನಗಳಲ್ಲಿ ಬಹುಪಾಲು ವ್ಯರ್ಥವಾಗಿ ಕಳೆದವು.

ಸೆಪ್ಟೆಂಬರದಲ್ಲಿ ಚೀನೀ ಸೆರೆಯಾಳುಗಳು ಒಬ್ಬ ಭಾರತೀಯ ಮೇಜರನ್ನು ಹಿಡಿದು ಒಳಗಿಟ್ಟುಕೊಂಡಾಗ, ಕೋಜೆಯ ಕಥೆಯೇ ಮತ್ತೊಮ್ಮೆ ಆಗುವದೆಂದು ಎಲ್ಲರೂ ನೆನಸಿದರು. ಥೋರಾತರು ಕೆಲವೇ ಸಂಗಡಿಗರೊಂದಿಗೆ ಆ ಆವರಣದೊಳಕ್ಕೆ ನಡೆದು ಹೋದರು. ಕಿರಿಚುವ ಗುಂಪಿನ ನಡುವೆ ಮುಖಂಡರ ಸಂಗಡ ಮಾತಾಡಿ, ಆ ಅಧಿಕಾರಿಯನ್ನು ಕರಕೊಂಡು ಹೊರಗೆ ಬಂದರು. ಯಾವ ಪತ್ರಕ್ಕೂ ಸಹಿ ಬೀಳಲಿಲ್ಲ, ಯಾವ ಟ್ಯಾಂಕೂ ನುಗ್ಗಲಿಲ್ಲ. ಆಮೇಲೆ ಅಕ್ಟೋಬರದ ಮೊದಲಲ್ಲಿ ಬೇಲಿಯನ್ನು ಮುರಿಯಲು ಬಂದವರ ಮೇಲೆ ನಮ್ಮ ಸಿಪಾಯಿಗಳು ಗುಂಡು ಹಾರಿಸಬೇಕಾಯಿತೆಂಬುದನ್ನೂ ನಾವು ಮುಚ್ಚಿಡಲಾರೆವು, ಕೆಲವರು ಸತ್ತರು.

ಈಗ ಮುಖ್ಯ ಪ್ರಶ್ನೆಗೆ ಬಂದೆವು. ಬೇಲಿಯೊಳಗೆ ಬಲಿಷ್ಠರು ದುರ್ಬಲರ ಬಾಯನ್ನು ಕಟ್ಟಿದ್ದಾರೆಂದು ತಿಮ್ಮಯ್ಯನವರಿಗೆ ತಿಳಿದಿತ್ತು. ಬೋಟ್ನರರಂತೆ ಸೈನ್ಯವನ್ನು ನುಗ್ಗಿಸಿ, ಮುಖಂಡರನ್ನು ಬೇರ್ಪಡಿಸಿ, ಒಬ್ಬೊಬ್ಬನನ್ನೂ ಎಳೆತಂದು, ಈಗ ಹೆದರಬೇಡ, ನಿನ್ನ ಮನಸ್ಸನ್ನು ಹೇಳು, ಎನ್ನಬಹುದಾಗಿತ್ತು. ಪೋಲೆಂಡಿನವರಿಗೂ ಚೆಕ್ಕರಿಗೂ ಇದು ಸರಿಯೆಂದು ಕಂಡಿತು. ಸ್ವೀಡನ್ನಿನವರೂ ಸ್ವಿಸ್ಸರೂ ಬಲಪ್ರಯೋಗವನ್ನು ಒಪ್ಪಲೇ ಇಲ್ಲ. ತಿಮ್ಮಯ್ಯನವರು ಬಲವನ್ನು ಉಪಯೋಗಿಸಲಿಲ್ಲ. ಇದು ಸರಿಯಾಯಿತೋ?

ನಮ್ಮ ವಾಚಕರಲ್ಲಿ ಒಬ್ಬನು ಇಲ್ಲವೆಂದು ವಾದಿಸಬಹುದು. ೨೦೦೫ರಲ್ಲಿಯೂ ೨೦೧೯ರಲ್ಲಿಯೂ ೨೦೨೧ರಲ್ಲಿಯೂ ಕೃಷ್ಣೆಯು ಉಕ್ಕಿ ನಮ್ಮ ಹೊಳೆದಂಡೆಯ ಹಳ್ಳಿಗಳಿಗೆ ನುಗ್ಗಿದಳು. ಅಂಥ ಹೊತ್ತಿನಲ್ಲಿ ಒಬ್ಬ ಮುದುಕನು, ನಾನು ಹುಟ್ಟಿದ ಮನೆ, ಇಲ್ಲಿಯೇ ಸಾಯುವೆನು, ದನಗಳನ್ನು ಬಿಟ್ಟು ಬಾರೆನು, ಎಂದು ಹೊಸ್ತಿಲಲ್ಲಿ ಕೂತರೆ, ಹುಡುಗರು ಅವನ ಇಷ್ಟವನ್ನು ಕೇಳುತ್ತಾ ನಿಲ್ಲುವರೋ? ಅವನ ರಟ್ಟೆ ಹಿಡಿದೆತ್ತಿ ದೋಣಿಯಲ್ಲಿ ಕೂಡಿಸುವರು. ಅವನು ಬೈದರೂ ಬೈಯಲಿ. ಒಬ್ಬನ ಒಳಿತಿಗಾಗಿ ಬಲವನ್ನು ಉಪಯೋಗಿಸುವದು ತಪ್ಪಲ್ಲವೆಂದು ಇದರಿಂದ ಸಿದ್ಧವಾಗಲಿಲ್ಲವೋ? ಪಿಲಾತನು ಕೈ ತೊಳಕೊಂಡು ಪಕ್ಕಕ್ಕೆ ಸರಿದು ನಿಂತದ್ದನ್ನು ನಾವು ಯಾರೂ ನ್ಯಾಯವೆನ್ನುವದಿಲ್ಲ. ಬಲವುಳ್ಳವನು ಬಲವನ್ನು ಉಪಯೋಗಿಸದಿದ್ದರೆ ದುರ್ಬಲನು ದುಷ್ಟರ ಕೈಗೆ ಬೀಳುವನು.

ಈ ವಾದವು ಬಲವಾದದ್ದು. ಅದನ್ನು ಹಗುರವಾಗಿ ತಳ್ಳಿಬಿಡುವವನು ನಿಜವಾದ ಬೇಲಿಯನ್ನು ಕಂಡವನಲ್ಲ. ಆದರೂ ಎರಡು ಮಾತುಗಳನ್ನು ನಾವು ಹೇಳುತ್ತೇವೆ. ಪ್ರವಾಹದಲ್ಲಿ ಮುದುಕನ ಒಳಿತು ಯಾವದೆಂಬುದು ಕಣ್ಣಿಗೆ ಕಾಣುತ್ತದೆ: ನೀರು ಏರುತ್ತಿದೆ. ಆ ೨೨,೬೦೪ ಮಂದಿಯಲ್ಲಿ ಯಾವನ ಒಳಿತು ಚೀನಾದಲ್ಲಿತ್ತು, ಯಾವನದು ಹೊರಗಿತ್ತು ಎಂದು ಯಾವ ಸೇನಾಪತಿಗೆ ಕಾಣುತ್ತಿತ್ತು? ಪಿಲಾತನಿಗೆ ತನ್ನ ಮುಂದೆ ನಿಂತವನು ನಿರ್ದೋಷಿಯೆಂದು ತಿಳಿದಿತ್ತು, ತಿಳಿದೂ ಒಪ್ಪಿಸಿದನು. ತಿಮ್ಮಯ್ಯನವರ ಮುಂದೆ ಇದ್ದದ್ದು ತಿಳಿಯದೆ ಇದ್ದ ಮನಸ್ಸುಗಳು. ಇನ್ನೊಂದು ಮಾತೇನಂದರೆ, ಮುದುಕನನ್ನು ಎತ್ತುವದರಲ್ಲಿ ಅವನ ಜೀವವು ಉಳಿಯುತ್ತದೆ. ಮನಸ್ಸನ್ನು ಬಂದೂಕಿನ ಮೂತಿಯಿಂದ ಬಿಡುಗಡೆ ಮಾಡಲು ಹೋದರೆ, ಬಿಡುಗಡೆಯಾದವನು ಆ ಬಂದೂಕಿಗೇ ಉತ್ತರ ಕೊಡುವನು. ಹಳೆಯ ಭಯವಿದ್ದ ಸ್ಥಳದಲ್ಲಿ ಹೊಸ ಭಯವು ಬಂದು ಕೂತುಕೊಳ್ಳುವದು.

ನಮ್ಮ ಸಭೆಗಳವರಿಗೆ ಈ ಮಾತು ಅಪರಿಚಿತವಲ್ಲ. ಯಾರ ಮಾತಿಗೆ ಮರುಳಾಗಿ ಬಂದೆ, ಏನು ಕೊಟ್ಟರು, ಎಂದು ನಮ್ಮ ಅಜ್ಜಂದಿರನ್ನು ಊರವರು ಕೇಳಿದ್ದುಂಟು. ಕೇರಿಗೆ ಕೇರಿಯೇ ಕೂಡಿ ದೀಕ್ಷಾಸ್ನಾನವನ್ನು ಹೊಂದಿದ ಹಳ್ಳಿಗಳಲ್ಲಿ, ಹಿರಿಯನು ಮುಂದೆ ನಡೆದನೆಂದು ಹಿಂದೆ ನಡೆದವರು ಎಷ್ಟು ಮಂದಿಯೋ! ಅದರಂತೆಯೇ, ಒಳಗೆ ಮನಸ್ಸಿದ್ದರೂ ಕುಲದವರ ಭಯದಿಂದ ಹೊರಗೇ ಉಳಿದವರು ಎಷ್ಟು ಮಂದಿಯೋ! ಎರಡು ಕಡೆಯೂ ಡೇರೆಯ ಹೊರಗೆ ಮುಖಂಡನು ನಿಂತಿದ್ದನು. ಊರವರ ಪ್ರಶ್ನೆಯು ಸಿಟ್ಟಿನಿಂದ ಬಂದದ್ದಾದರೂ ಅದು ತಪ್ಪು ಪ್ರಶ್ನೆಯಲ್ಲ. ಅದನ್ನು ನಾವೇ ನಮ್ಮನ್ನು ಇನ್ನೂ ಹೆಚ್ಚು ಸಾರಿ ಕೇಳಿಕೊಳ್ಳಬೇಕಾಗಿತ್ತೆಂದು ನಮ್ಮ ಅಭಿಪ್ರಾಯ.

ತಿಮ್ಮಯ್ಯನವರು ಮಾಡಿದ್ದು ಏನಂದರೆ, ಒಡೆಯಲಾರದ ಬೇಲಿಗೆ ಒಂದು ಕಂಡಿಯನ್ನು ಉಳಿಸಿದರು. ಯಾವ ಸೆರೆಯಾಳೇ ಆಗಲಿ, ಯಾವ ಹೊತ್ತಿನಲ್ಲಿಯೇ ಆಗಲಿ, ತಂತಿಯ ಹತ್ತಿರ ಬಂದು ಭಾರತೀಯ ಪಹರೆಯವನಿಗೆ, ನಾನು ಊರಿಗೆ ಹೋಗಬೇಕು, ಎಂದರೆ ಅವನನ್ನು ಆ ಕ್ಷಣದಲ್ಲಿಯೇ ಈಚೆಗೆ ತೆಗೆದು ಕಾಪಾಡುವದು. ಕೊನೆಗೆ ಊರಿಗೆ ಹೋದವರು ೬೦೦ಕ್ಕಿಂತ ತುಸು ಹೆಚ್ಚು ಮಂದಿ ಮಾತ್ರವೇ. ಅವರಲ್ಲಿ ಹೆಚ್ಚಿನವರು ಡೇರೆಯ ಬಾಗಿಲಿಂದ ಹೋದವರಲ್ಲ, ಹೀಗೆ ಜೀವದ ಹಂಗನ್ನು ತೊರೆದು ತಂತಿಯ ಬಳಿಗೆ ಬಂದವರು. ೨೨,೬೦೪ರ ಮುಂದೆ ಇದು ಸಣ್ಣ ಸಂಖ್ಯೆಯೇ. ಆ ೬೦೦ ಮಂದಿಯ ತಾಯಂದಿರಿಗೆ ಸಣ್ಣದಾಗಿರಲಿಕ್ಕಿಲ್ಲ.

ಉಳಿದವರ ಗತಿಯನ್ನು ಒಂದು ರಾಜಕೀಯ ಸಮ್ಮೇಳನವು ನಿರ್ಣಯಿಸಬೇಕಾಗಿತ್ತು. ಅದು ಕೂಡಲೇ ಇಲ್ಲ. ಹಾಗಾದರೆ ಇವರನ್ನು ಬಿಟ್ಟುಬಿಡಿರಿ ಎಂದು ಒಂದು ಪಕ್ಷ, ಇನ್ನೂ ಹಿಡಿದಿಡಿರಿ ಎಂದು ಇನ್ನೊಂದು ಪಕ್ಷ. ಇವರನ್ನು ಬಿಡುವ ಅಧಿಕಾರವೂ ತಮಗಿಲ್ಲ, ಅವಧಿ ಮೀರಿ ಹಿಡಿದಿಡುವ ಅಧಿಕಾರವೂ ಇಲ್ಲ ಎಂದು ತಿಮ್ಮಯ್ಯನವರು ತೀರ್ಮಾನಿಸಿ, ೧೯೫೪ರ ಜನವರಿ ೨೦ರಿಂದ ಅವರನ್ನು ಮೊದಲು ತಂದೊಪ್ಪಿಸಿದವರಿಗೇ ಹಿಂದಕ್ಕೆ ಒಪ್ಪಿಸಿದರು. ಇಬ್ಬರೂ ಅವರನ್ನು ನಿಂದಿಸಿದರು. ಬೇಲಿಯೊಳಗಿನ ಮುಖಂಡರ ಹಿಡಿತದ ದೆಸೆಯಿಂದ ಸೆರೆಯಾಳುಗಳು ಸ್ವತಂತ್ರವಾಗಿ ಆರಿಸಿಕೊಳ್ಳಲು ಆಗಲಿಲ್ಲವೆಂಬ ಅರ್ಥದ ವರದಿಗೆ ಭಾರತವು ಪೋಲೆಂಡ್ ಮತ್ತು ಚೆಕೊಸ್ಲೊವಾಕಿಯಗಳ ಸಂಗಡ ಸಹಿ ಹಾಕಿತು. ಉಳಿದಿಬ್ಬರು ಒಪ್ಪದೆ ಬೇರೆ ವರದಿಯನ್ನು ಬರೆದರು. ತಮ್ಮ ಕಾರ್ಯವು ಜಯವಾಯಿತೆಂದು ಹೇಳಿಕೊಂಡು ಕೀರ್ತಿಯನ್ನು ಪಡೆಯಬಹುದಾಗಿದ್ದ ಮನುಷ್ಯನು, ಕೇಳಿದೆವು, ಆದರೆ ಕೇಳಿಬಂದ ಉತ್ತರವು ಅವರದೇ ಎಂದು ಹೇಳಲಾರೆವು, ಎಂಬಂಥ ಮಾತಿಗೆ ಕೈಹಾಕಿದ್ದು ನಮ್ಮ ದೃಷ್ಟಿಯಲ್ಲಿ ಜೋಜಿಲಾಕ್ಕಿಂತಲೂ ದೊಡ್ಡದು. ಬಲವನ್ನು ಉಪಯೋಗಿಸದೆ ಇದ್ದದ್ದು ಸರಿ. ಅದರಿಂದ ಎಲ್ಲರಿಗೂ ನ್ಯಾಯ ಸಿಕ್ಕಿತೆಂದು ನಟಿಸದೆ ಇದ್ದದ್ದು ಇನ್ನೂ ಸರಿ. ಮದುವೆಯ ಹಂದರದಲ್ಲಿ ಒಪ್ಪಿದಳೆಂದು ಬರೆದುಕೊಳ್ಳುವ ನಮಗೆ ಇಷ್ಟು ಎದೆಗಾರಿಕೆ ಇದ್ದಿದ್ದರೆ ಎಷ್ಟೋ ಲಗ್ನಗಳು ಒಂದು ತಿಂಗಳು ಮುಂದಕ್ಕೆ ಹೋಗುತ್ತಿದ್ದವು.

ಸ್ವಂತ ಮನಸ್ಸಿನ ವಿಷಯವೂ ಅವರಿಗೆ ಆಮೇಲೆ ಸುಲಭವಾಗಲಿಲ್ಲ. ೧೯೫೭ರಿಂದ ೧೯೬೧ರ ವರೆಗೆ ಅವರು ಭಾರತದ ಭೂಸೈನ್ಯದ ಮುಖ್ಯಸ್ಥರಾಗಿದ್ದರು. ರಕ್ಷಣಾಮಂತ್ರಿಗಳಾದ ಕೃಷ್ಣ ಮೆನನ್ನರ ಸಂಗಡ ಸರಿಬೀಳದೆ ೧೯೫೯ರ ಆಗಸ್ಟ್ ೩೧ರಂದು ರಾಜಿನಾಮೆಯನ್ನು ಬರೆದುಕೊಟ್ಟರು. ಪ್ರಧಾನಮಂತ್ರಿ ನೆಹರೂರವರು ಕರೆದು ಹೇಳಲು ಅದನ್ನು ಹಿಂದಕ್ಕೆ ತಕ್ಕೊಂಡರು. ಅದಾದ ಮೇಲೆ ನೆಹರೂರವರು ಲೋಕಸಭೆಯಲ್ಲಿ ಅವರ ನಡತೆಯನ್ನು ಆಕ್ಷೇಪಿಸಿ ಮಾತಾಡಿದರು. ಆ ದಿನ ಅವರ ಡೇರೆಯ ಹಿಂದೆ ನಿಂತಿದ್ದದ್ದು ಭಯವಲ್ಲ, ಗೌರವ. ಆದರೆ ಗೌರವವೂ ಮನುಷ್ಯನ ರಟ್ಟೆಯನ್ನು ಹಿಡಿಯಬಲ್ಲದು. ಅವರು ರಾಜಿನಾಮೆಯನ್ನು ಹಿಡಿದು ನಿಂತಿದ್ದರೆ ಒಳ್ಳೆಯದಾಗುತ್ತಿತ್ತೆಂದು ಹೇಳುವವರಿದ್ದಾರೆ, ಸೈನ್ಯವು ಮಂತ್ರಿಗಳ ಮೇಲೆ ಕೈಮಾಡದೆ ಉಳಿದದ್ದೇ ದೇಶಕ್ಕೆ ಕ್ಷೇಮವೆಂದು ಹೇಳುವವರೂ ಇದ್ದಾರೆ. ೧೯೬೪ರಲ್ಲಿ ಅವರು ಸೈಪ್ರಸ್ ದ್ವೀಪದಲ್ಲಿ ಗ್ರೀಕರಿಗೂ ತುರ್ಕರಿಗೂ ನಡುವೆ ನಿಂತ ಸಂಯುಕ್ತ ರಾಷ್ಟ್ರಗಳ ಶಾಂತಿಸೈನ್ಯದ ನಾಯಕರಾಗಿ ಹೋದರು. ೧೯೬೫ರ ದಶಂಬರ ೧೮ರಂದು ಅಲ್ಲಿಯೇ ತೀರಿಕೊಂಡರು. ಮಡಿಕೇರಿಯಲ್ಲಿ ಅವರು ಬೆಳೆದ ಮನೆಯು ೨೦೨೧ರಿಂದ ವಸ್ತುಸಂಗ್ರಹಾಲಯವಾಗಿದೆ.

ಊರಿಗೆ ಹೋಗಲೊಲ್ಲದೆ ಚೀನಾಕ್ಕೆ ಹೋದ ಅಮೇರಿಕನ್ನರು ಕೊನೆಗೆ ೨೧ ಮಂದಿ. ಅವರಲ್ಲಿ ಮೂವರು ೧೯೫೫ರಲ್ಲಿಯೇ ತಿರಿಗಿ ಬಂದರು. ಮುಂದಿನ ವರುಷಗಳಲ್ಲಿ ಬಹು ಮಂದಿ ಒಬ್ಬೊಬ್ಬರಾಗಿ ಬಂದರು. ಕೊರಿಯದ ಬೇಲಿಯೊಳಗಿದ್ದವರಲ್ಲಿ ಈ ದೇಶವೂ ಬೇಡ ಆ ದೇಶವೂ ಬೇಡ ಎಂದವರು ೮೮ ಮಂದಿ ಇದ್ದರು. ಎರಡು ಬಾಗಿಲುಗಳಲ್ಲಿ ಯಾವದೂ ಅವರಿಗೆ ಹಿಡಿಸಲಿಲ್ಲ. ಅವರು ನಮ್ಮ ಸಿಪಾಯಿಗಳ ಸಂಗಡ ಹಡಗನ್ನೇರಿ ಭಾರತಕ್ಕೆ ಬಂದು ದಿಲ್ಲಿಯ ದಂಡಿನಲ್ಲಿ ಇಳಕೊಂಡರು. ಹೆಚ್ಚಿನವರು ಎರಡು ವರುಷಗಳ ಮೇಲೆ ಬ್ರೆಜಿಲಿಗೂ ಅರ್ಜೆಂಟೀನಕ್ಕೂ ಹೋದರು. ಕೆಲವರು ಇಲ್ಲಿಯೇ ಉಳಿದು, ಕೋಳಿ ಸಾಕಿ ಜೀವನ ಮಾಡಿದರು.